ಗೌರಕ್ಕನ ಸಿಟ್ಟು

ಇವತ್ತು ಬೆಳಿಗ್ಗೆ ಸೀರೆ ಮಡಿಸುವಾಗ ಸೆರಗಿನ ತುದಿಯಲ್ಲಿ ಒಂದು ಗಂಟು ಸಿಕ್ಕಿತು. ಹಾಕಿದವಳು ನಾನೇ, ಅದರಲ್ಲಿ ಅನುಮಾನವಿಲ್ಲ. ನಮ್ಮ ಮನೆಯಲ್ಲಿ ಸೀರೆ ಉಡುವವಳು ನಾನೊಬ್ಬಳೇ. ಯಾಕೆ ಹಾಕಿದೆ ಎಂಬುದು ಮಾತ್ರ ಹೊಳೆಯಲಿಲ್ಲ. ಗಂಟು ಹಿಡಿದುಕೊಂಡು ಮಂಚದ ಮೇಲೆ ಕೂತೆ. ಹಾಲಿನವನಿಗೆ ಏನಾದರೂ ಹೇಳುವುದಿತ್ತೇ? ಅಕ್ಕಿ ಬಿಸಿಲಿಗೆ ಹಾಕುವುದಿತ್ತೇ? ತಂಗಿಗೆ ಫೋನ್ ಮಾಡುವುದಿತ್ತೇ? ಕೊನೆಯದನ್ನು ಮಾಡಿಯೇ ಬಿಟ್ಟೆ. "ನಿಂಗೇನಾದ್ರೂ ಹೇಳ್ತೀನಿ ಅಂದಿದ್ನಾ?" ಎಂದು ಕೇಳಿದರೆ ಅವಳು, "ಇಲ್ವಲ್ಲೇ, ಯಾಕೆ? ಹುಷಾರಾಗಿದ್ದೀಯ ತಾನೆ?" ಎಂದು ನನಗಿಂತ ಹೆಚ್ಚು ಹೆದರಿಕೊಂಡಳು. ಅದು ನಮ್ಮ ವಂಶದ ಗುಣ. ಆಮೇಲೆ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ಗ್ಯಾಸ್ ಬುಕ್ ಮಾಡ್ಬೇಕು ಅಂತ ಹಾಕ್ಕೊಂಡಿದ್ದೆ. ಬುಕ್ ಮಾಡಿದ್ದೂ ಆಯ್ತು, ಸಿಲಿಂಡರ್ ಬಂದಿದ್ದೂ ಆಯ್ತು. ಬಿಚ್ಚೋದೊಂದು ಮರ್ತಿದ್ದೀಯ" ಎಂದರು.

ಈ ಗಂಟಿನ ವಿದ್ಯೆ ನನಗೆ ಅಮ್ಮನಿಂದ ಬಂದದ್ದು. ಅಮ್ಮನಿಗೆ ಓದು ಬರಹ ಇರಲಿಲ್ಲ. ಆಲೂರಿನ ಸಂತೆಗೆ ಹೊರಟಳೆಂದರೆ ಸೆರಗಿನಲ್ಲಿ ಸಾಲಾಗಿ ಗಂಟುಗಳು. ಇದು ಉಪ್ಪಿಗೆ, ಇದು ಸೀಮೆಎಣ್ಣೆಗೆ, ಇದು ದರ್ಜಿಯ ಹತ್ತಿರ ರವಿಕೆ ಕೇಳುವುದಕ್ಕೆ. ಕೆಲಸ ಆದ ಹಾಗೆ ಒಂದೊಂದೇ ಬಿಚ್ಚುತ್ತಾ ಬರುವಳು. ನನಗೆ ಆಗ ಎಂಟೋ ಒಂಬತ್ತೋ. ಒಂದು ಸಲ ಅಮ್ಮ ತಲೆ ಬಾಚಿಕೊಳ್ಳುವಾಗ ಹಿಂದಿನಿಂದ ಹೋಗಿ ನನ್ನದೂ ಒಂದು ಗಂಟು ಸೇರಿಸಿಬಿಟ್ಟೆ. ಸಂತೆಯಲ್ಲಿ ಎಲ್ಲ ಗಂಟೂ ಬಿಚ್ಚಿದ ಮೇಲೆ ಅದೊಂದು ಉಳಿಯಿತು. ಅಮ್ಮ ಹುಣಸೆಹಣ್ಣಿನ ರಾಶಿಯ ಮುಂದೆ ನಿಂತಳು, ಬಳೆಗಾರರ ಮುಂದೆ ನಿಂತಳು, ಬಂದ ದಾರಿಯಲ್ಲೇ ಎರಡು ಸಲ ತಿರುಗಿದಳು. ಕೊನೆಗೆ ಮನೆಯಲ್ಲಿ ಇದ್ದ ಇಂಗನ್ನೇ ಮತ್ತೆ ಕೊಂಡಳು. ನಾನು ಬಾಯಿಗೆ ಲಂಗ ತುರುಕಿಕೊಂಡು ನಕ್ಕೆ. ಎಷ್ಟೋ ದಿನಗಳಾದ ಮೇಲೆ ಒಪ್ಪಿಕೊಂಡಾಗ ಅಮ್ಮ ಬೈಯಲಿಲ್ಲ. "ಅವತ್ತಿಂದ ನಂಗೆ ತಲೆ ಕೆಡ್ತಾ ಐತೇನೋ ಅಂದ್ಕಂಡಿದ್ದೆ ಕಣೇ" ಎಂದು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಆ ಕಣ್ಣೀರು ಯಾತರದ್ದೆಂದು ಆಗ ಗೊತ್ತಾಗಲಿಲ್ಲ. ಈಗ ಚೆನ್ನಾಗಿ ಗೊತ್ತಾಗುತ್ತದೆ.

ನಿಮ್ಮ ಹತ್ತಿರ ಹೇಳಿಕೊಳ್ಳಲು ನಾಚಿಕೆಯೇನು, ನಾನು ಹುಟ್ಟಾ ಗಾಬರಿಯವಳು. ಆಲೂರಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪ್ರೈಮರಿ ಮಕ್ಕಳಿಗೆ ಪಾಠ ಹೇಳಿದೆ. ಮಕ್ಕಳು ತಡವಾಗಿ ಬಂದರೆ ಹಳ್ಳದ ಹತ್ತಿರ ಏನಾಯಿತೋ ಎಂದು ಗಾಬರಿ. ಬೇಗ ಬಂದರೆ ಮನೆಯಲ್ಲಿ ಏನು ರಂಪವೋ ಎಂದು ಗಾಬರಿ. ನಿವೃತ್ತಿಯಾದ ಮೇಲೆ ಗಾಬರಿಪಡಲು ಬೇರೆ ಯಾರೂ ಸಿಗದೆ ನನ್ನ ಮೇಲೇ ಶುರುಮಾಡಿಕೊಂಡೆ. ಒಂದು ದಿನ ಕನ್ನಡಕ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಇನ್ನೊಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಗೆ ನಮಸ್ಕಾರ ಮಾಡಿದ ಹಳೆಯ ಶಿಷ್ಯನ ಹೆಸರು ಬಾಯಿಗೆ ಬರಲಿಲ್ಲ. ಅವನು ಏಳುವವರೆಗೂ ಹಾಜರಿ ಪುಸ್ತಕದ ಹೆಸರುಗಳನ್ನೆಲ್ಲ ಮನಸ್ಸಿನಲ್ಲೇ ಓದಿಕೊಂಡೆ, ಸಿಗಲಿಲ್ಲ. "ಚೆನ್ನಾಗಿರಪ್ಪ" ಎಂದು ಹೇಳಿ ಕಳಿಸಿದೆ. "ನಿಂಗೆ ಗಾಬರಿ ಪಡೋದೇ ವ್ಯಾಯಾಮ. ಬೀಪಿ ಸರಿಯಾಗಿರೋದೇ ಅದರಿಂದ" ಎಂದು ನಮ್ಮ ಮನೆಯವರು ಹಾಸ್ಯ ಮಾಡಿದರು. ಹಾಸ್ಯದಿಂದ ನನಗೆ ಧೈರ್ಯ ಬರುವುದಿಲ್ಲ. ಹಾಗಾಗಿ ಬಸ್‌ಸ್ಟ್ಯಾಂಡಿನ ಹಿಂದೆ ಹಿರಿಯರಿಗಾಗಿ ಚಟುವಟಿಕೆ ಕೇಂದ್ರ ಶುರುವಾಗಿದೆ ಎಂದು ಕೇಳಿದ ವಾರವೇ ಹೋಗಿ ಹೆಸರು ಬರೆಸಿದೆ.

ಹಳೆಯ ಗೋಡೌನಿಗೆ ಸುಣ್ಣ ಹೊಡೆದು, ನೆಲಕ್ಕೆ ಚಾಪೆ ಹಾಸಿ, ಪ್ಲಾಸ್ಟಿಕ್ ಕುರ್ಚಿ, ಒಂದೆರಡು ಬೆಂಚು ಜೋಡಿಸಿದರೆ ಹೇಗಿರುತ್ತದೋ ಹಾಗಿದೆ ನಮ್ಮ ಕೇಂದ್ರ. ಗೋಡೆಗೆ ಮೂಗು ಹಚ್ಚಿ ನೋಡಿದರೆ ಇನ್ನೂ ರಾಗಿ ಮೂಟೆಯ ವಾಸನೆ ಬರುತ್ತದೆ. ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶನಿವಾರ. ಬಸ್ಸಿನ ಕಂಡಕ್ಟರುಗಳು ಇದಕ್ಕೆ ಮುದುಕರ ಅಂಗನವಾಡಿ ಎಂದು ಹೆಸರಿಟ್ಟಿದ್ದಾರೆ. "ಅಂಗನವಾಡಿಯೋರು ಇಳೀರಿ, ಇಳೀರಿ" ಎಂದು ಕೂಗಿದರೆ ಕೋಲು ಹಿಡಿದವರೆಲ್ಲ ಗಂಭೀರವಾಗಿ ಇಳಿಯುತ್ತಾರೆ. ಹೆಸರಿನಲ್ಲಿ ತಪ್ಪೇನೂ ಇಲ್ಲ. ಕೈ ಚಾಚು, ಕೈ ಮಡಚು, ಕುರ್ಚಿಯಿಂದ ಏಳು, ಕೂರು, ಬಣ್ಣದ ಚೆಂಡು ಎಸೆ, ಹಿಡಿ. ಮಧ್ಯದಲ್ಲಿ ಒಂದು ಲೋಟ ರಾಗಿ ಗಂಜಿ. ಆಮೇಲೆ ಕೇರಂ, ಚೌಕಾಬಾರ, ಅಳಗುಳಿ ಮಣೆ.

ಇದನ್ನೆಲ್ಲ ನಡೆಸುವವರು ಶಮೀಮ್ ಸಿಸ್ಟರ್. ಸಕಲೇಶಪುರದವರು, ಅವರ ತಂದೆಗೆ ಕಾಫಿ ಸಾಗಿಸುವ ಲಾರಿ ಇತ್ತಂತೆ. ನನ್ನ ಹಳೆಯ ಶಿಷ್ಯರ ವಯಸ್ಸಿನವರಿರಬಹುದು, ಅಷ್ಟೆ. ಉಪ್ಪು ಕಡಿಮೆ ತಿನ್ನಿ, ಬಚ್ಚಲಿನಲ್ಲಿ ನೀರು ನಿಲ್ಲಲು ಬಿಡಬೇಡಿ, ಒಬ್ಬರೇ ಕೂತು ಯೋಚಿಸಬೇಡಿ ಎಂದು ನಗುನಗುತ್ತಾ ಹೇಳುತ್ತಾರೆ. ಮೂರನೆಯದನ್ನು ಹೇಳುವಾಗ ಯಾಕೋ ನನ್ನ ಕಡೆಗೇ ನೋಡುತ್ತಾರೆ. ಉಪ್ಪಿನ ಪಾಠ ಮುಗಿದ ತಕ್ಷಣ ನನ್ನ ಪಕ್ಕದಲ್ಲಿ ಕೂತವಳು ಚೀಲದಿಂದ ಎಳೆ ಬಿದಿರಿನ ಕಳಲೆ ಉಪ್ಪಿನಕಾಯಿಯ ಡಬ್ಬಿ ತೆಗೆದು, ಮುಚ್ಚಳದಲ್ಲಿ ಒಂದಿಷ್ಟು ಹಾಕಿ ನನ್ನ ಕಡೆ ತಳ್ಳುತ್ತಿದ್ದಳು. ಅವಳೇ ಗೌರಕ್ಕ.

ಗೌರಕ್ಕ ಪಾಳ್ಯದ ಹತ್ತಿರದ ಹಳ್ಳಿಯವಳು. ನನಗಿಂತ ಮೂರು ವರ್ಷ ದೊಡ್ಡವಳು. ಒಂದಿಷ್ಟು ಗದ್ದೆ, ರಾಗಿ ಹೊಲ, ಮನೆಯ ಹಿಂದೆ ನಾಲ್ಕು ಸಾಲು ಕಾಫಿ. ಮಗ ಮಂಜು ಬೇಸಾಯ ಮಾಡಿಕೊಂಡು ಜೊತೆಯಲ್ಲೇ ಇದ್ದಾನೆ, ಒಳ್ಳೆಯ ಹುಡುಗ. ಸೊಸೆ ಕೂಡ ಅತ್ತೆಯ ಬಾಯಿಗೆ ಸರಿಯಾಗಿ ಬಾಯಿ ಕೊಡುವಷ್ಟು ಗಟ್ಟಿಗಿತ್ತಿ. ಒಂಟಿ ಕಾಲಿನಲ್ಲಿ ನಿಲ್ಲುವ ವ್ಯಾಯಾಮದಲ್ಲಿ ಗೌರಕ್ಕನನ್ನು ಸೋಲಿಸಿದವರು ನಮ್ಮಲ್ಲಿ ಯಾರೂ ಇಲ್ಲ. ನಾನು ಮೊದಲ ದಿನ ಎರಡು ಎಣಿಸುವಷ್ಟರಲ್ಲಿ ವಾಲಿ ಅವಳ ಭುಜ ಹಿಡಿದೆ.

"ಏನೇ ಟೀಚರೇ, ನಿಂತ್ಕಳಕ್ಕೂ ಪುಸ್ತಕ ಬೇಕೇನೇ ನಿಂಗೆ?" ಎಂದಳು. "ನೆಲ ನೋಡ್ಬ್ಯಾಡ. ಎದ್ರಿಗೆ ಏನಾದ್ರೂ ಒಂದ್ ಹಿಡ್ಕಂಡು ಕಣ್ಣು ಅಲ್ಲೇ ಮಡಗು. ಬದಿನ ಮ್ಯಾಲೆ ಪೈರಿನ ಕಟ್ಟು ಹೊತ್ಕಂಡು ಹೋಗೋರು ನೆಲ ನೋಡ್ತಾ ಹೋದ್ರೆ ಗದ್ದೆಗೇ ಬೀಳೋದು."

ನಾನು ಗೋಡೆಯ ಮೇಲಿನ ಗಡಿಯಾರ ನೋಡುತ್ತಾ ನಿಂತೆ. ಹತ್ತು ಎಣಿಸುವ ತನಕ ಬೀಳಲಿಲ್ಲ. ಬಿ.ಎಡ್. ಮಾಡಿದವರಿಂದಲೂ ನಾನು ಇಷ್ಟು ಚೊಕ್ಕವಾಗಿ ಪಾಠ ಹೇಳಿಸಿಕೊಂಡಿರಲಿಲ್ಲ. ಅವತ್ತಿನಿಂದ ನಮ್ಮ ಜಾಗ ಅಕ್ಕಪಕ್ಕ ಖಾಯಂ ಆಯಿತು.

ಇನ್ನು ಆ ಪರೀಕ್ಷೆಯ ವಿಷಯಕ್ಕೆ ಬರಬೇಕು. ತಿಂಗಳಿಗೊಮ್ಮೆ ಸಿಸ್ಟರ್ ಬೀಪಿ, ಶುಗರು, ತೂಕ ಎಲ್ಲ ನೋಡಿದ ಮೇಲೆ ಒಬ್ಬೊಬ್ಬರನ್ನೇ ಮೂಲೆಯ ಮೇಜಿಗೆ ಕರೆಯುತ್ತಾರೆ. ಐದು ಪದ ಹೇಳುತ್ತಾರೆ. ಆಮೇಲೆ ಗಡಿಯಾರದ ಚಿತ್ರ ಬರೆಸಿ, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿ, ಅದೂ ಇದೂ ಮಾತಾಡಿಸಿ, "ಈಗ ಆ ಐದು ಹೇಳಿ" ಎನ್ನುತ್ತಾರೆ. ಮೊದಲ ತಿಂಗಳು ನನ್ನ ಸರದಿಯೂ ಬಂತು. ಜೀವಮಾನವಿಡೀ ಪರೀಕ್ಷೆ ಮಾಡಿದವಳಿಗೆ ಪರೀಕ್ಷೆಗೆ ಕೂರುವ ಸಂಕಟ ಅವತ್ತು ತಿಳಿಯಿತು. ನನಗೆ ಬಂದದ್ದು ನಾಲ್ಕು. ಐದನೆಯದು ಹಳದಿ ಎಂದು ಮನೆಗೆ ಹೋಗಿ ಸಾರಿಗೆ ಅರಿಶಿನ ಹಾಕುವಾಗ ನೆನಪಾಯಿತು.

ಎರಡನೆಯ ತಿಂಗಳು ರೈಟರ್ ಸೋಮಣ್ಣನವರು ಒಂದು ದೊಡ್ಡ ಗುಟ್ಟು ರಟ್ಟು ಮಾಡಿದರು. ಅವರು ಹಾನುಬಾಳು ಕಡೆಯ ಎಸ್ಟೇಟಿನಲ್ಲಿ ರೈಟರಾಗಿದ್ದವರು. ಬೆಳಗ್ಗೆ ಲೈನ್ ಮನೆಗಳ ಆಳುಗಳನ್ನು ನಿಲ್ಲಿಸಿ, ಪುಸ್ತಕ ನೋಡದೆ ಎಲ್ಲರ ಹೆಸರನ್ನೂ ಕೂಗಿ ಹಾಜರಿ ಹಾಕುತ್ತಿದ್ದ ನೆನಪಿನ ಶಕ್ತಿ ತಮ್ಮದು ಎಂದು ದಿನಕ್ಕೊಮ್ಮೆ ಹೇಳುತ್ತಾರೆ; ಹೇಳಿದ್ದನ್ನು ಮರೆತು ಮತ್ತೆ ಹೇಳುತ್ತಾರೆ. ಅವರು ಗಂಜಿಯ ಲೋಟ ಹಿಡಿದುಕೊಂಡು ನಮ್ಮ ಬೆಂಚಿಗೆ ಬಂದು ದನಿ ತಗ್ಗಿಸಿದರು.

"ಮಾರಾಯ್ರೇ, ಕ್ವಶ್ಚನ್ ಪೇಪರ್ ಬದಲಾಗೋದೇ ಇಲ್ಲ ಕಣ್ರೀ. ಹೋದ್ ತಿಂಗಳ ಐದೇ ಈ ತಿಂಗಳೂ. ಬಾಳೆಹಣ್ಣು, ಗಡಿಯಾರ, ಹೊಳೆ, ಚಪ್ಪಲಿ, ಹಳದಿ. ಸಿಸ್ಟರಿಗೆ ಮೇಲಿಂದ ಬಂದಿರೋ ಹಾಳೆ ಒಂದೇ ಐತೆ. ಬಾಯಿಪಾಠ ಮಾಡ್ಕಂಡ್ರೆ ಮುಗೀತು."

ಆಗ ನಾನು ಏನು ಮಾಡಬೇಕಿತ್ತು ಹೇಳಿ? ಕಾಪಿ ಹೊಡೆದ ಹುಡುಗರ ಕಿವಿ ಹಿಂಡಿದವಳು ನಾನು. ಅಂಗಿಯ ತೋಳಿನೊಳಗೆ ಚೀಟಿ ಇಟ್ಟುಕೊಂಡವನನ್ನು ಹತ್ತು ಹೆಜ್ಜೆ ದೂರದಿಂದ ಹಿಡಿದವಳು. ಅಂಥವಳು ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಬಾಳೆಹಣ್ಣು, ಗಡಿಯಾರ, ಹೊಳೆ, ಚಪ್ಪಲಿ, ಹಳದಿ ಎಂದು ಮಗ್ಗಿ ಹೇಳಿದ ಹಾಗೆ ಹೇಳಿಕೊಂಡು ಹೋದೆ. ತರಕಾರಿ ಅಂಗಡಿಯವನು ಬಾಳೆಹಣ್ಣು ಬೇಕಾ ಅಕ್ಕ ಎಂದ. ಒಂದು ತಿಂಗಳೊಳಗೆ ನಮ್ಮ ಕೇಂದ್ರದಲ್ಲಿ ಎಲ್ಲರಿಗೂ ಐದಕ್ಕೆ ಐದು. ಸಿಸ್ಟರ್ ಮುಖ ಅರಳಿತು. ಇಷ್ಟು ಚೆನ್ನಾಗಿ ನೆನಪಿರುವವರನ್ನು ತಾವು ನೋಡಿಯೇ ಇಲ್ಲ ಎಂದು ನಮಗೆ ಗಂಜಿಯ ಜೊತೆ ಬಿಸ್ಕತ್ತು ಕೊಡಿಸಿದರು. ನಾವು ತಲೆ ತಗ್ಗಿಸಿಕೊಂಡು ತಿಂದೆವು.

ಇದು ಬರೀ ಹುಡುಗಾಟವಾಗಿದ್ದರೆ ನಾನು ನಿಮಗೆ ಹೇಳುತ್ತಲೇ ಇರಲಿಲ್ಲ. ಹಿಂದೆ ಒಂದು ಹೆದರಿಕೆ ಇತ್ತು. ಮಾರ್ಕ್ಸ್ ಕಡಿಮೆ ಬಂದವರನ್ನು ಹಾಸನದ ಡಾಕ್ಟರ ಹತ್ತಿರ ಕಳಿಸುತ್ತಾರಂತೆ, ಅವರು ಮಕ್ಕಳನ್ನು ಕರೆಸಿ ಹೇಳುತ್ತಾರಂತೆ, ಆಮೇಲೆ ಮನೆಯವರು ಗೇಟು ದಾಟಲು ಬಿಡುವುದಿಲ್ಲವಂತೆ ಎಂದು ಸೋಮಣ್ಣನವರೇ ಹೇಳಿದ್ದರು. ಎಲ್ಲವೂ ಅಂತೆ. ಆದರೆ ಗೌರಕ್ಕ ಅದನ್ನು ಮನಸ್ಸಿಗೆ ಹಾಕಿಕೊಂಡಳು. ಅವಳು ಒಂದು ಸಲ ಒಲೆಯ ಮೇಲೆ ಹಾಲಿಟ್ಟು ಮರೆತು ಹೊಲಕ್ಕೆ ಹೋಗಿದ್ದಳು. ಪಾತ್ರೆ ಸುಟ್ಟು, ಅಡುಗೆಮನೆ ತುಂಬ ಹೊಗೆ. ಇನ್ನೊಂದು ಸಲ ಹೀಗಾದರೆ ಒಬ್ಬಳನ್ನೇ ಬಸ್ಸಿಗೆ ಕಳಿಸುವುದಿಲ್ಲ ಎಂದು ಮಂಜು ಹೇಳಿದ್ದನಂತೆ.

"ಬುಧವಾರ ಇಲ್ಲಿಗೆ ಬರೋದ್ ಬುಡ್ಸುಬುಟ್ರೆ ನಾನು ಇನ್ನೇನ್ ಮಾಡ್ಲೇ?" ಎಂದಳು. "ಆ ಐದ್ ಮಾತ್ನ ನಂಗೂ ಕಲಿಸ್ಕೊಡೇ ಟೀಚರೇ. ಯಾಕೋ ನಿಲ್ತಾನೇ ಇಲ್ಲ."

ಕಲಿಸಿಕೊಡು ಎಂದು ಯಾರಾದರೂ ಕೇಳಿದರೆ ನನಗೆ ಹಿಂದುಮುಂದು ಕಾಣುವುದಿಲ್ಲ. ಅಮ್ಮನ ವಿದ್ಯೆ ತೆಗೆದೆ. ಗೌರಕ್ಕನ ಸೆರಗಿನಲ್ಲಿ ಐದು ಗಂಟು ಹಾಕಿದೆ. ಬೆರಳಾಡಿಸಿದರೆ ಒಂದೊಂದು ಗಂಟಿಗೆ ಒಂದೊಂದು ಪದ. ಮೊದಲೆರಡು ತಿಂಗಳು ಅವಳು ಮಡಿಲಲ್ಲಿ ಕೈಯಿಟ್ಟುಕೊಂಡು ಐದನ್ನೂ ಹೇಳಿ, ಗೆದ್ದವಳ ಹಾಗೆ ಎದ್ದು ಬಂದಳು. ಮೂರನೆಯ ತಿಂಗಳು ಒಂದು ಗಂಟಿನ ಮೇಲೆ ಬೆರಳು ನಿಂತು ನನ್ನ ಕಡೆ ನೋಡಿದಳು. ನಾನು ಸಿಸ್ಟರ್ ಬೆನ್ನ ಹಿಂದಿನ ಬೆಂಚಿನಲ್ಲಿದ್ದೆ. ದನಿಯಿಲ್ಲದೆ ತುಟಿ ಆಡಿಸಿದೆ: ಹೊಳೆ. ಐದನೆಯ ತಿಂಗಳು ಬರುವಷ್ಟರಲ್ಲಿ ಅವಳು ಗಂಟು ಮುಟ್ಟುವುದನ್ನೇ ಬಿಟ್ಟಿದ್ದಳು. ನನ್ನ ತುಟಿಯನ್ನೇ ನೋಡುತ್ತಿದ್ದಳು. ಐದಕ್ಕೆ ಐದೂ ನಾನೇ ಹೇಳಿದೆ, ಅವಳು ದನಿ ಕೊಟ್ಟಳು. ಅಳಗುಳಿ ಮಣೆಯಲ್ಲಿ ಬೀಜ ಎಣಿಸದೆ ಬರೀ ಕಣ್ಣಳತೆಯಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದವಳು, ಅವತ್ತು ನನ್ನ ಗುಣಿಯಿಂದಲೇ ಬೀಜ ಎತ್ತಿ ಆಟ ಶುರುಮಾಡಿದಳು. ನಾನು ನೋಡಿದೆ. ಗೊತ್ತಾಯಿತು. ಗೊತ್ತಾಗಿಯೂ ಸುಮ್ಮನಿದ್ದೆ. ಇಲ್ಲಿ ನನ್ನನ್ನು ನಾನು ಹಾಸ್ಯ ಮಾಡಿಕೊಳ್ಳಲಾರೆ.

ಅದಾದ ಮೇಲೆ ಒಂದು ಬುಧವಾರ ಗೌರಕ್ಕ ಬರಲಿಲ್ಲ. ಗಂಜಿಯ ಹೊತ್ತಿಗೆ ಅವಳ ಮನೆಗೆ ಫೋನ್ ಮಾಡಿದೆ. "ಅತ್ತೆ ಒಂಬತ್ತಕ್ಕೇ ಹೊರಟ್ರಲ್ಲ ಟೀಚರೇ" ಎಂದಳು ಸೊಸೆ. ಪಾಳ್ಯದಿಂದ ಆಲೂರಿಗೆ ಎಷ್ಟು ದೂರ? ನಡೆದುಕೊಂಡು ಬಂದಿದ್ದರೂ ತಲುಪಬೇಕಿತ್ತು. ನನ್ನ ಗಾಬರಿಗೆ ಜೀವಮಾನದಲ್ಲಿ ಮೊದಲ ಸಲ ಸರಿಯಾದ ಕಾರಣ ಸಿಕ್ಕಿತ್ತು, ಮತ್ತು ನನಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಬಸ್‌ಸ್ಟ್ಯಾಂಡಿಗೆ ಓಡಿದೆ. ಬಂದ ಬಸ್ಸನ್ನೆಲ್ಲ ಹತ್ತಿ ನೋಡಿದೆ. ಹಸಿರು ಸೀರೆ ಕಂಡಲ್ಲೆಲ್ಲ ಗೌರಕ್ಕ ಎಂದು ಕೂಗಿದೆ. ಮಂಜು ಬೈಕಿನಲ್ಲಿ ಬಂದ. ಅವನ ಮುಖ ನೋಡಲಾಗದೆ ಅವನ ಚಪ್ಪಲಿ ನೋಡುತ್ತಾ ಮಾತಾಡಿದೆ.

ಮಧ್ಯಾಹ್ನ ಎರಡರ ಹೊತ್ತಿಗೆ ಪರಿಚಯದ ಕಂಡಕ್ಟರ್ ಒಬ್ಬರು ಫೋನ್ ಮಾಡಿದರು. ಗೌರಕ್ಕ ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿದ್ದಳು. ಪಾಳ್ಯದಲ್ಲಿ ಈ ಕಡೆಯ ಬಸ್ಸು ಹತ್ತುವ ಬದಲು ಆ ಕಡೆಯ ಬಸ್ಸು ಹತ್ತಿದ್ದಳು. ಬೈಕು ಆಲೂರಿನಲ್ಲೇ ಬಿಟ್ಟು ಬಸ್ಸು ಹತ್ತಿದ ಮಂಜುವಿನ ಜೊತೆ ನಾನೂ ಹೋದೆ. ಅವಳು ಕಲ್ಲು ಬೆಂಚಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕಡಲೆಕಾಯಿ ತಿನ್ನುತ್ತಾ ಕೂತಿದ್ದಳು. ನಮ್ಮನ್ನು ನೋಡಿ ಆಶ್ಚರ್ಯವಾಗಲಿ ಹೆದರಿಕೆಯಾಗಲಿ ಇಲ್ಲ. "ಹಾನುಬಾಳಿನ ಜೀಪು ಇನ್ನೂ ಬಂದಿಲ್ಲ ಕಣ್ಲಾ. ಅವ್ವ ಕಾಯ್ತಾ ಇರ್ತಾಳೆ" ಎಂದಳು. ಹಾನುಬಾಳು ಅವಳ ತವರು. ಅವಳ ಅವ್ವ ತೀರಿಕೊಂಡು ಮಂಜುವಿನ ವಯಸ್ಸಿನಷ್ಟು ವರ್ಷಗಳಾಗಿದ್ದವು.

ದಾರಿಯಲ್ಲಿ ಬರುವಾಗ ಗೌರಕ್ಕ ಮತ್ತೆ ಎಂದಿನ ಗೌರಕ್ಕನಾದಳು. ಬಸ್ಸಿನ ಬೋರ್ಡು ಸರಿಯಾಗಿ ಬರೆಯುವುದಿಲ್ಲ ಎಂದು ಬೈದಳು. ಅವಳನ್ನು ಮನೆಗೆ ಬಿಟ್ಟು, ನನ್ನನ್ನು ಬಸ್ಸಿಗೆ ಹತ್ತಿಸಲು ಬಂದ ಮಂಜು ಸಮಾಧಾನದ ಉಸಿರು ಬಿಟ್ಟ.

"ಒಂದ್ ಗಳಿಗೆ ನಂಗೂ ಭಯ ಆಗ್ಬುಟ್ಟಿತ್ತು ಟೀಚರೇ. ಆದ್ರೆ ತಿಂಗ್ಳು ತಿಂಗ್ಳೂ ಪರೀಕ್ಷೇಲಿ ಐದಕ್ಕೆ ಐದು ತಗಾತಾಳಲ್ಲ, ಅದ್ನ ನೆನುಸ್ಕಂಡು ಧೈರ್ಯ ತಂದ್ಕಂಡೆ. ಅವ್ವಂಗೆ ಏನೂ ಆಗಿಲ್ಲ. ಬಿಸ್ಲಿಗೆ ಒಂಚೂರು ತಲೆ ತಿರುಗೈತೆ, ಅಷ್ಟೆ. ಮುಂದಿನ್ ಬುಧವಾರ ಕಳಿಸ್ತೀನಿ ಬುಡಿ."

ಆ ಹುಡುಗ ನನ್ನ ತುಟಿಯಾಟವನ್ನು ನಂಬಿಕೊಂಡು ತಾಯಿಯನ್ನು ಮತ್ತೆ ಒಬ್ಬಳನ್ನೇ ಬಸ್ಸಿಗೆ ಹತ್ತಿಸುವವನಿದ್ದ. ನನಗೆ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ.

ಎರಡು ದಿನ ಮನೆಯಲ್ಲಿ ಅದನ್ನೇ ಹೇಳಿಕೊಂಡು ಕೂತೆ. ಹೇಳಿದರೆ ಗೌರಕ್ಕನಿಗೆ ದ್ರೋಹ, ಹೇಳದಿದ್ದರೆ ಇನ್ನೂ ದೊಡ್ಡ ದ್ರೋಹ. ನಮ್ಮ ಮನೆಯವರು ಮೊದಲ ಬಾರಿಗೆ ಹಾಸ್ಯ ಮಾಡದೆ ಪೇಪರ್ ಮಡಿಸಿಟ್ಟು, "ಶನಿವಾರ ಹೋಗಿ ಹೇಳಿಬಿಡು" ಎಂದರು. ಶನಿವಾರ ಎಲ್ಲರಿಗಿಂತ ಮುಂಚೆ ಹೋದೆ. ಶಮೀಮ್ ಸಿಸ್ಟರ್ ಕುರ್ಚಿ ಜೋಡಿಸುತ್ತಿದ್ದರು. ಐದು ಪದ, ಬಾಯಿಪಾಠ, ಗಂಟು, ತುಟಿ ಎಲ್ಲ ಹೇಳಿದೆ. ಪ್ರಿನ್ಸಿಪಾಲರ ಮುಂದೆ ನಿಂತ ಹುಡುಗಿಯ ಹಾಗೆ ಕೈ ಕಟ್ಟಿಕೊಂಡು ನಿಂತಿದ್ದೆ ಎಂದು ಆಮೇಲೆ ಗೊತ್ತಾಯಿತು. ಅವರು ಬೈಯುತ್ತಾರೆಂದು ಕಾದೆ. ಅವರು ಕುರ್ಚಿಯ ಮೇಲೆ ಕೂತು ತಮ್ಮ ದಪ್ಪ ರಿಜಿಸ್ಟರಿನ ಹಾಳೆಗಳನ್ನು ತಿರುವಿ ನೋಡಿದರು. ಎಲ್ಲ ಹಾಳೆಯಲ್ಲೂ ಐದು, ಐದು, ಐದು.

"ನೀವೆಲ್ಲಾ ಹುಷಾರಾಗಿದ್ದೀರಿ ಅಂತ ನಾನು ಮನೇಲಿ ಎಷ್ಟು ಖುಷಿಯಿಂದ ಹೇಳ್ಕೊಂಡಿದ್ದೆ ಗೊತ್ತಾ ಮೇಡಂ" ಎಂದರು. "ಮಾರ್ಕ್ಸ್ ಕಡಿಮೆ ಬಂದ್ರೆ ಬೇಗ ಗೊತ್ತಾಗ್ಲಿ ಅಂತ ಇದು. ಬೇಗ ಗೊತ್ತಾದ್ರೆ ಏನಾದ್ರೂ ಮಾಡ್ಬಹುದು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮುಂದಿನ ಬುಧವಾರ ಹೊಸ ಹಾಳೆ ಬಂತು. ಸಿಸ್ಟರ್ ಬೆನ್ನ ಹಿಂದೆ ಯಾರೂ ಇಲ್ಲದ ಹಾಗೆ ಬೆಂಚು ತಿರುಗಿಸಿ ಹಾಕಿದ್ದರು. ಸೋಮಣ್ಣನವರಿಗೆ ಮೂರು ಬಂತು. ಎಸ್ಟೇಟಿನ ಹೆಸರುಗಳಾದರೆ ಈಗಲೂ ಹೇಳುತ್ತೇನೆ ಎಂದು ಸಿಸ್ಟರ್ ಜೊತೆ ವಾದ ಮಾಡಿದರು. ನನಗೆ ನಾಲ್ಕು. ನಾಲ್ಕು ಒಳ್ಳೆಯದೇ, ವಯಸ್ಸಿಗೆ ಸಹಜ ಎಂದರು ಸಿಸ್ಟರ್. ಐದನೆಯದು ಯಾವುದೆಂದು ಕೇಳಿದೆ. ಹೇಳಿದರು. ಹೇಳಿದ ಮೇಲೂ ಅದನ್ನು ಅವರು ಮೊದಲು ಹೇಳಿದ್ದರೆಂದು ನನಗೆ ನೆನಪಾಗಲಿಲ್ಲ. ಅದನ್ನು ಯಾರಿಗೂ ಹೇಳಿಲ್ಲ, ನಿಮಗೇ ಮೊದಲು.

ಗೌರಕ್ಕನ ಸರದಿ ಬಂತು; ಸಿಸ್ಟರ್ ಫೋನ್ ಮಾಡಿದ್ದರಿಂದ ಅವತ್ತು ಮಂಜುವೇ ಕರೆತಂದು ಬಿಟ್ಟಿದ್ದ. ಅವಳು ಮಡಿಲಿನಲ್ಲಿ ಕೈಯಿಟ್ಟು ಗಂಟುಗಳನ್ನು ಒಂದೊಂದೇ ಮುಟ್ಟಿದಳು. ಆ ಗಂಟುಗಳಲ್ಲಿ ಹಳೆಯ ಪದಗಳಿದ್ದವು. ಅವೂ ಇದ್ದವೋ ಇಲ್ಲವೋ. "ಬಾಳೆಹಣ್ಣು" ಎಂದಳು. ಸಿಸ್ಟರ್ ಅಲ್ಲ ಎಂದು ಹೇಳದೆ ಕಾದರು. ಗೌರಕ್ಕ ಕುರ್ಚಿಯಲ್ಲೇ ತಿರುಗಿ ನನ್ನನ್ನು ಹುಡುಕಿದಳು. ನಾನು ನನ್ನ ಕಣ್ಣನ್ನು ಗೋಡೆಯ ಗಡಿಯಾರದ ಮೇಲೆ ಇಟ್ಟೆ. ಅಷ್ಟು ಹೊತ್ತಿನಲ್ಲಿ ಅವಳಿಗೆ ಎಲ್ಲ ಅರ್ಥವಾಯಿತು. ಎದ್ದು ಬಂದವಳು ನನ್ನ ಮುಂದೆ ನಿಂತಳು.

"ಹೇಳ್ಕೊಟ್ಟೋಳೂ ನೀನೇ, ಹಿಡ್ಕೊಟ್ಟೋಳೂ ನೀನೇ. ಇನ್ ನನ್ನ್ ಮಾತಾಡಿಸ್ಬ್ಯಾಡ" ಎಂದು ತನ್ನ ಚೀಲ ಎತ್ತಿಕೊಂಡು ಬಾಗಿಲ ಹತ್ತಿರದ ಕುರ್ಚಿಗೆ ಹೋಗಿ ಕೂತಳು.

ನಾವು ಹೆದರಿದ ಹಾಗೆ ಏನೂ ಆಗಲಿಲ್ಲ. ಹಾಸನದ ಡಾಕ್ಟರು ಒಂದೆರಡು ಮಾತ್ರೆ ಬರೆದುಕೊಟ್ಟು, ಕೇಂದ್ರಕ್ಕೆ ಹೋಗುವುದನ್ನು ಯಾವ ಕಾರಣಕ್ಕೂ ಬಿಡಿಸಬೇಡಿ, ನಾಲ್ಕು ಜನರ ನಡುವೆ ಇರುವುದೇ ದೊಡ್ಡ ಔಷಧಿ ಎಂದರಂತೆ. ಈಗ ಮಂಜು ಬುಧವಾರ, ಶನಿವಾರ ಬೈಕಿನಲ್ಲಿ ಕರೆತಂದು ಬಿಟ್ಟು, ಮಧ್ಯಾಹ್ನ ಬಂದು ಕರೆದುಕೊಂಡು ಹೋಗುತ್ತಾನೆ. ನನ್ನ ಮೇಲೆ ಅವನಿಗೆ ಸಿಟ್ಟಿದ್ದರೂ ತೋರಿಸಿಕೊಂಡಿಲ್ಲ. ಆರು ತಿಂಗಳು ಮೊದಲೇ ಹೋಗಿದ್ದರೆ ಒಳ್ಳೆಯದಿತ್ತು ಎಂದು ಡಾಕ್ಟರು ಹೇಳಿದರಂತೆ. ಅದನ್ನು ಅವನು ನನಗೆ ಹೇಳಿದ್ದು ಸಹಜವಾಗಿಯೇ. ಆದರೂ ಆ ಆರು ತಿಂಗಳು ನನ್ನ ಎದೆಯ ಮೇಲೆ ಕೂತಿದೆ.

ಗೌರಕ್ಕ ಮಾತ್ರ ಮಾತು ಬಿಟ್ಟಳು. ನಾನು ಒಳಗೆ ಬಂದರೆ ಮುಖ ತಿರುಗಿಸುವಳು. ಉಪ್ಪಿನಕಾಯಿಯ ಡಬ್ಬಿ ಆ ಕಡೆಯ ಸಾಲಿಗೆ ಹೋಯಿತು. ಮೊದಲ ಎರಡು ವಾರ ನಾನು ಅತ್ತೆ. ಮೂರನೆಯ ವಾರ ನನಗೆ ಒಂದು ವಿಚಾರ ಹೊಳೆಯಿತು. ಇವಳಿಗೆ ಪದಗಳು ನಿಲ್ಲುವುದಿಲ್ಲ, ಬಸ್ಸು ನಿಲ್ಲುವುದಿಲ್ಲ, ನಿನ್ನೆ ಏನು ಉಂಡಳೆಂಬುದು ನಿಲ್ಲುವುದಿಲ್ಲ, ಆದರೆ ನನ್ನ ಮೇಲಿನ ಸಿಟ್ಟು ನಿಂತಿದೆ. ಅಂದರೆ ಒಳಗೆ ಇನ್ನೂ ಏನೋ ಗಟ್ಟಿಯಾಗಿದೆ. ಅವತ್ತಿನಿಂದ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನನ್ನ ಕಣ್ಣು ಅವಳ ಮುಖಕ್ಕೆ ಹೋಗುತ್ತಿತ್ತು. ಹುಬ್ಬು ಗಂಟಿಕ್ಕಿದಳಾ? ಇಕ್ಕಿದಳು. ಅಬ್ಬ. ಮನೆಗೆ ಬಂದು, "ಇವತ್ತೂ ಸಿಟ್ಟಲ್ಲೇ ಇದ್ಲು" ಎಂದು ನಮ್ಮ ಮನೆಯವರಿಗೆ ಸಂತೋಷದಿಂದ ಹೇಳುವೆ. ಗೆಳತಿ ಮಾತು ಬಿಟ್ಟಿದ್ದಕ್ಕೆ ಹೀಗೆ ಹಿಗ್ಗುವವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಹೀಗೆ ಎಷ್ಟೋ ವಾರ ಕಳೆದವು. ಮೊನ್ನೆ ಬುಧವಾರ ಚಪ್ಪಲಿ ಬಿಟ್ಟು ತಲೆ ಎತ್ತಿದೆ. ಗೌರಕ್ಕ ಅಳಗುಳಿ ಮಣೆ ಮುಂದಿಟ್ಟುಕೊಂಡು ಒಬ್ಬಳೇ ಕೂತಿದ್ದಳು. ನನ್ನನ್ನು ನೋಡಿ ನಕ್ಕಳು. ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಬಾರೇ ಟೀಚರೇ, ಕೂತ್ಕ. ಆಡನ."

ಮರೆತಳು. ಹೋಯಿತು, ಅದೂ ಹೋಯಿತು. ಚಾಪೆಯ ಮೇಲೆ ಅವಳ ಎದುರು ಕೂತೆ. ಅವಳು ಹುಣಸೆ ಬೀಜಗಳನ್ನು ಗುಣಿಗೆ ತುಂಬುತ್ತಿದ್ದಳು. ಸುಮ್ಮನೆ ಆಡಿಕೊಂಡಿದ್ದರೆ ಆಗುತ್ತಿತ್ತು. ನನ್ನಂಥವಳಿಗೆ ಸುಮ್ಮನಿರಲು ಬರುವುದಿಲ್ಲ. ಆ ಸಿಟ್ಟು ಹೇಗಾದರೂ ಮತ್ತೆ ಬರಲಿ ಎಂದು ಅವಳ ಕೈ ಹಿಡಿದು ಕೇಳಿಯೇ ಬಿಟ್ಟೆ.

"ಗೌರಕ್ಕ, ಸಿಸ್ಟರ್ ಹತ್ರ ಹೇಳಿದ್ದು ನಾನೇ. ಆ ಐದು ಪದದ ವಿಷಯ. ನಿಂಗೆ ನನ್ನ ಮೇಲೆ ಸಿಟ್ಟಿಲ್ವಾ?"

ಅವಳು ಬೀಜ ಕೆಳಗಿಟ್ಟಳು. ನನ್ನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರ ಇತ್ತು.

"ಅದ್ನ ಇನ್ನೂ ಎಷ್ಟ್ ಸಲ ಹೇಳೀಯೇ? ಹೋದ್ವಾರನೂ ಇಲ್ಲೇ ಕೂತ್ಕಂಡು ಹೇಳ್ಕಂಡು ಅತ್ತೆ. ಅದ್ರ ಹಿಂದಿನ್ ವಾರನೂ ಬಂದು ಹಿಂಗೇ ಕೈ ಹಿಡ್ಕಂಡೆ. ನಾನು ಆವತ್ತೇ ಹೇಳ್ಲಿಲ್ವೇನೇ, ಹೋಗ್ಲಿ ಬುಡು, ನಂಗೇನೂ ಬ್ಯಾಸ್ರ ಇಲ್ಲ ಅಂತ?"

ಹೋದ ವಾರ ನಾನು ಅತ್ತ ನೆನಪು ನನಗಿಲ್ಲ. ಅವಳು ಬಾಗಿಲ ಹತ್ತಿರ ಮುಖ ತಿರುಗಿಸಿ ಕೂತಿದ್ದಳು, ನಾನು ಮನೆಗೆ ಹೋಗಿ ಸಂತೋಷದಿಂದ ಹೇಳಿದೆ. ಇದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಗಾದರೆ ಅವಳು ಆಗದೇ ಇದ್ದದ್ದನ್ನು ಆಯಿತೆಂದು ತಿಳಿದಿದ್ದಾಳೆ. ಇಲ್ಲದಿದ್ದರೆ ಅದೆಲ್ಲ ಆಗಿದೆ, ಮರೆತವಳು ನಾನು. ಇಬ್ಬರಲ್ಲಿ ಒಬ್ಬರು.

"ಆಡೇ, ನಿಂದೇ ಸರದಿ" ಎಂದಳು ಗೌರಕ್ಕ.

ಎರಡು ಮಾರು ದೂರದಲ್ಲಿ ಸೋಮಣ್ಣನವರು ಕೇರಂ ಆಡುತ್ತಿದ್ದರು. ಅವರು ಯಾವ ವಾರವೂ ಆ ಜಾಗ ಬಿಟ್ಟು ಕೂತವರಲ್ಲ. ಹೋದ ಬುಧವಾರ ನಾನು ಇಲ್ಲಿ ಕೂತು ಅತ್ತೆನೇ ಎಂದು ಅವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾನು ಆ ಕಡೆ ತಿರುಗಲಿಲ್ಲ.